ಅನಿಲೀನ್ ಹೆಸರಿಗೂ ಅನಿಲಕ್ಕೂ ಸಂಬಂಧವಿಲ್ಲ

ಮಾನ್ಯರೇ,

ಕಳೆದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ರಾಸಾಯನಿಕಗಳ ಹೆಸರುಗಳ ಬಗ್ಗೆ ಒಂದು ಲೇಖನ ಬಂದಿತ್ತು. ಇಂಥ ವಿಷಯಕ್ಕೆ ಕನ್ನಡ ಪತ್ರಿಕೆಯೊಂದು ಅರ್ಧ ಪುಟ ಬಿಟ್ಟುಕೊಟ್ಟಿದ್ದು ನೋಡಿ ನಿಜಕ್ಕೂ ಖುಷಿಯಾಯಿತು. ಆದರೆ ಅದರಲ್ಲಿ ಒಂದು ಮಾತು ತಪ್ಪು. 'ಅನಿಲೀನ್' ಎಂಬ ಹೆಸರು ಸಂಸ್ಕೃತದ 'ಅನಿಲ'ದಿಂದ ಬಂದಿದೆ, ಈ ವಸ್ತು ಬೇಗ ಆವಿಯಾಗಿ ಗಾಳಿಗೆ ಸೇರುವುದರಿಂದ ಹಾಗೆ ಕರೆದರು ಎಂದು ಲೇಖಕರು ಬರೆದಿದ್ದಾರೆ. ನಾನು ಕಾಲೇಜಿನಲ್ಲಿ ಸಾವಯವ ರಸಾಯನಶಾಸ್ತ್ರ ಪಾಠ ಮಾಡುವವಳು. ನಮ್ಮ ತರಗತಿಯಲ್ಲಿ ಈಗ ಅನಿಲೀನ್ ಸೇರಿರುವ ಅಮೀನ್‌ಗಳ ಅಧ್ಯಾಯ ನಡೆಯುತ್ತಿದೆ. ಒಬ್ಬ ವಿದ್ಯಾರ್ಥಿನಿ ಆ ಪುಟ ಕತ್ತರಿಸಿ ತಂದು, 'ಮೇಡಂ, ಇದನ್ನ ಪರೀಕ್ಷೇಲಿ ಬರೀಬಹುದಾ?' ಎಂದು ಕೇಳಿದಳು. ಬೇಡ ಎಂದೆ. ಯಾಕೆ ಬೇಡ ಅನ್ನುವುದನ್ನು ಅವಳಿಗೆ ಹೇಳಿದಷ್ಟೇ ವಿವರವಾಗಿ ನಿಮ್ಮ ಓದುಗರಿಗೂ ಹೇಳಬೇಕು ಅನಿಸಿತು.

ಮೊದಲು ಆ ವಸ್ತುವನ್ನೇ ನೋಡೋಣ. ಕೃತಕ ಬಣ್ಣಗಳ ತಯಾರಿಕೆಗೆ ಬಳಸುವ ಅನಿಲೀನ್ ಅನಿಲವಲ್ಲ, ಎಣ್ಣೆಯಂಥ ದ್ರವ. ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಅನಿಲೀನ್ ಕುದಿಯಲು ಸುಮಾರು 184 ಡಿಗ್ರಿ ಬೇಕು. ಬೇಗ ಆವಿಯಾಗುವ ಮಾತು ಎಲ್ಲಿಂದ ಬಂತು? ನೀರಿಗೆ ಹಾಕಿದರೆ ಸ್ವಲ್ಪ ಮಾತ್ರ ಕರಗುತ್ತದೆ, ಉಳಿದದ್ದು ಹನಿಯಾಗಿ ಮೆಲ್ಲಗೆ ತಳಕ್ಕೆ ಇಳಿಯುತ್ತದೆ. ಆಗತಾನೇ ಬಟ್ಟಿ ಇಳಿಸಿದ ಅನಿಲೀನ್‌ಗೆ ಬಣ್ಣವೇ ಇರುವುದಿಲ್ಲ. ಕಪಾಟಿನಲ್ಲಿಟ್ಟ ಬಾಟಲಿಯಲ್ಲಿ ಗಾಳಿ ತಾಗಿ ತಾಗಿ ಮೊದಲು ಹಳದಿಗೆ ತಿರುಗುತ್ತದೆ, ಆಮೇಲೆ ಕೆಂಪು ಬೆರೆತ ಕಂದು. ಮುಚ್ಚಳ ತೆಗೆದರೆ ಕೆಟ್ಟ ಮೀನಿನ ವಾಸನೆ. ಈ ಬಾಟಲಿಯನ್ನು ಒಮ್ಮೆ ಹತ್ತಿರದಿಂದ ನೋಡಿದವರಿಗೆ ಗಾಳಿಯ ಹೆಸರು ಹೊಳೆಯುವುದಿಲ್ಲ.

ಇನ್ನು 'ಅನಿಲ'. ಸಂಸ್ಕೃತದಲ್ಲಿ ಅದಕ್ಕೆ ಗಾಳಿ ಎಂಬ ಅರ್ಥ. ಉಸಿರಾಡು ಎಂಬ ಅರ್ಥದ 'ಅನ್' ಧಾತುವಿನಿಂದ ಬಂದದ್ದು. 'ಪ್ರಾಣ' ಎಂಬ ಪದದಲ್ಲಿ ಇರುವುದೂ ಇದೇ ಧಾತು. ವಿಜ್ಞಾನದ ಪಾಠಗಳಲ್ಲಿ ನಾವು ಅದನ್ನು ಗ್ಯಾಸ್ ಎಂಬ ಅರ್ಥಕ್ಕೆ ಬಳಸುತ್ತೇವೆ. ಒಳ್ಳೆಯ ಪದ, ಬಾಯಿಗೂ ಹಗುರ. ಆದರೆ ಅನಿಲೀನ್‌ಗೆ ಹೆಸರಿಟ್ಟವರು ಈ ಪದದ ಕಡೆ ಹೋಗಿಯೇ ಇಲ್ಲ. ಅದನ್ನು ಇಷ್ಟು ಖಚಿತವಾಗಿ ಹೇಳಲು ಕಾರಣ ಇದೆ. ನೀರು, ಮರ, ಕಲ್ಲು ಇಂಥ ಪದಗಳನ್ನು ಮೊದಲು ಯಾರು ಆಡಿದರು ಅಂತ ಯಾರೂ ಹೇಳಲಾರರು. ಅನಿಲೀನ್ ಹಾಗಲ್ಲ. ಯಾರು ಇಟ್ಟರು, ಯಾವ ವರ್ಷ ಇಟ್ಟರು, ಯಾವುದರಿಂದ ತೆಗೆದಾಗ ಇಟ್ಟರು, ಎಲ್ಲ ಬರಹದಲ್ಲಿದೆ. ಊಹೆ ಮಾಡುವ ಅಗತ್ಯವೇ ಇಲ್ಲ.

ಇಟ್ಟವರು ಕಾರ್ಲ್ ಜೂಲಿಯಸ್ ಫ್ರಿಟ್ಸ್‌ಶೆ. ಜರ್ಮನಿಯಲ್ಲಿ ಹುಟ್ಟಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೆಲಸ ಮಾಡಿದ ರಸಾಯನಶಾಸ್ತ್ರಜ್ಞ. ವರ್ಷ 1840. ನೀಲಿ ಗಿಡದಿಂದ ತೆಗೆದ ಬಣ್ಣವನ್ನು, ಅಂದರೆ ಇಂಡಿಗೊವನ್ನು, ಅವರು ಕಾಸ್ಟಿಕ್ ಪೊಟ್ಯಾಶ್ ಎಂಬ ಪ್ರಬಲ ಕ್ಷಾರದ ಜೊತೆ ಕಾಯಿಸಿದರು. ಎಣ್ಣೆಯಂಥ ದ್ರವವೊಂದು ಬಟ್ಟಿ ಇಳಿಯಿತು. ಇಂಡಿಗೊಗೆ ಪೋರ್ಚುಗೀಸರು 'ಅನಿಲ್' ಎನ್ನುತ್ತಾರೆ. ಸ್ಪ್ಯಾನಿಷ್‌ನಲ್ಲೂ ಅದೇ ಪದ, ಉಚ್ಚಾರ ಸ್ವಲ್ಪ ಬೇರೆ. ಅಮೆರಿಕ ಖಂಡದ ಒಂದು ಜಾತಿಯ ನೀಲಿ ಗಿಡಕ್ಕೆ ಸಸ್ಯಶಾಸ್ತ್ರಜ್ಞರು ಇಂಡಿಗೋಫೆರಾ ಅನಿಲ್ ಎಂದೇ ಹೆಸರು ಕೊಟ್ಟಿದ್ದರು. ಅನಿಲ್‌ನಿಂದ ಬಂದದ್ದಕ್ಕೆ ಅನಿಲೀನ್.

ಈ 'ಅನಿಲ್' ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋದರೆ ನಿಜವಾದ ಸ್ವಾರಸ್ಯ ಸಿಗುತ್ತದೆ. ಪೋರ್ಚುಗೀಸರಿಗೆ ಅದು ಅರಬ್ಬಿಯಿಂದ ಬಂತು. ಅರಬ್ಬಿಯಲ್ಲಿ ಇಂಡಿಗೊಗೆ 'ನೀಲ್'. ಆ ಭಾಷೆಯಲ್ಲಿ ಹೆಸರಿನ ಮುಂದೆ 'ಅಲ್' ಎಂಬ ಉಪಪದ, ಇಂಗ್ಲಿಷಿನ 'ದ' ಇದ್ದ ಹಾಗೆ, ಸೇರಿಸುವ ರೂಢಿ ಇದೆ. ಆಲ್ಕೋಹಾಲ್, ಆಲ್ಕಲಿ ಪದಗಳ ಮೊದಲಲ್ಲಿ ಕೂತಿರುವುದು ಇದೇ 'ಅಲ್'. ಆದರೆ ಮುಂದೆ ನಕಾರ ಬಂದರೆ 'ಲ್' ಕೂಡ ನಕಾರವಾಗಿಬಿಡುತ್ತದೆ. 'ಅಲ್ ನೀಲ್' ಎಂದು ಬರೆದರೂ ಬಾಯಲ್ಲಿ ಹೇಳುವುದು 'ಅನ್ನೀಲ್'. ಕೇಳಿಸಿಕೊಂಡ ಯುರೋಪಿನವರಿಗೆ ಅದು ಒಂದೇ ಪದ. ಹಾಗಾಗಿ 'ಅನಿಲ್'. ಅರಬ್ಬಿಗೆ ಈ 'ನೀಲ್' ಬಂದದ್ದು ಪರ್ಷಿಯನ್ ಮೂಲಕ, ಪರ್ಷಿಯನ್‌ಗೆ ನಮ್ಮ ಕಡೆಯಿಂದ. ಸಂಸ್ಕೃತದಲ್ಲಿ 'ನೀಲ' ಎಂದರೆ ಕಡುನೀಲಿ ಬಣ್ಣ, 'ನೀಲೀ' ಎಂದರೆ ಆ ಬಣ್ಣ ಕೊಡುವ ಗಿಡ. ನಾವು ದಿನಾ ಬಳಸುವ 'ನೀಲಿ' ಕೂಡ ಅದೇ. ಲೈಲ್ಯಾಕ್ ಎಂಬ ಹೂವಿನ ಹೆಸರನ್ನೂ ಪರ್ಷಿಯನ್‌ನ 'ನೀಲಕ್', ಅಂದರೆ ನಸುನೀಲಿ, ಎಂಬ ಪದದ ವರೆಗೆ ಒಯ್ಯಬಹುದು.

ಉಳಿದದ್ದು ಕೊನೆಯ 'ಈನ್'. ಕೆಫೀನ್, ಮಾರ್ಫೀನ್, ನಿಕೋಟಿನ್ ಹೆಸರುಗಳಲ್ಲೂ ಅದನ್ನು ನೋಡುತ್ತೇವೆ. ನೈಟ್ರೋಜನ್ ಇರುವ, ಆಮ್ಲದ ಜೊತೆ ಸೇರಿ ಲವಣ ಕೊಡುವ ವಸ್ತುಗಳಿಗೆ ಆ ಕಾಲದ ರಸಾಯನಶಾಸ್ತ್ರಜ್ಞರು ಈ ಬಾಲ ಹಚ್ಚುತ್ತಿದ್ದರು. ಅಂದರೆ ಮೊದಲ 'ಅ' ಅರಬ್ಬಿ, ನಡುವಿನ 'ನೀಲ್' ಸಂಸ್ಕೃತ, ಕೊನೆಯ 'ಈನ್' ಯುರೋಪಿನ ಪ್ರಯೋಗಾಲಯದ್ದು. 'ಅನಿಲ' ಪದದಲ್ಲಿ 'ಅನ್' ಎಂಬುದು ಧಾತು, ಅದನ್ನು ತೆಗೆದರೆ ಪದವೇ ಇಲ್ಲ. 'ಅನಿಲ್' ಪದದಲ್ಲಿ ಮೊದಲ 'ಅ' ದಾರಿಯಲ್ಲಿ ಅಂಟಿಕೊಂಡದ್ದು, ತೆಗೆದರೆ 'ನೀಲ್' ಎಂಬ ಅಸಲು ಪದ ಹೊರಬರುತ್ತದೆ. ಎರಡೂ ಕಿವಿಗೆ ಒಂದೇ ಥರ ಕೇಳಿಸುವುದು ಬರೀ ಕಾಕತಾಳೀಯ. ನಿಮ್ಮ ಲೇಖಕರು ಇದರಲ್ಲಿ ಸಂಸ್ಕೃತ ಇದೆ ಎಂದದ್ದು ಸರಿಯೇ. ಆದರೆ ಆ ಪದ ಬೇರೆ.

ಫ್ರಿಟ್ಸ್‌ಶೆಗಿಂತ ಮೊದಲೇ ಈ ದ್ರವ ಬೇರೆಯವರ ಕೈಗೂ ಸಿಕ್ಕಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. 1826ರಲ್ಲಿ ಒಟ್ಟೊ ಉನ್‌ಫರ್ಡೋರ್ಬೆನ್ ಎಂಬವರು ಇಂಡಿಗೊವನ್ನೇ ಬಟ್ಟಿ ಇಳಿಸಿ ಇದನ್ನು ಪಡೆದಿದ್ದರು. ಆಮ್ಲ ಸೇರಿಸಿದರೆ ಚೆನ್ನಾಗಿ ಹರಳುಗಟ್ಟುತ್ತದೆ ಎಂದು 'ಕ್ರಿಸ್ಟಲೀನ್' ಎಂಬ ಹೆಸರು ಕೊಟ್ಟರು. 1834ರಲ್ಲಿ ಫ್ರೀಡ್‌ಲೀಬ್ ಫರ್ಡಿನಾಂಡ್ ರುಂಗೆಗೆ ಅದೇ ವಸ್ತು ಕಲ್ಲಿದ್ದಲಿನ ಟಾರ್‌ನಲ್ಲಿ ಸಿಕ್ಕಿತು. ಕಾಫಿಯಿಂದ ಕೆಫೀನನ್ನು ಬೇರ್ಪಡಿಸಿದವರೂ ಇವರೇ. ಬ್ಲೀಚಿಂಗ್ ಪೌಡರ್ ಸೇರಿಸಿದಾಗ ನೀಲಿಗೆ ತಿರುಗುವುದನ್ನು ನೋಡಿ ರುಂಗೆ ಇದಕ್ಕೆ 'ಕಿಯಾನೋಲ್' ಎಂದರು. ಗ್ರೀಕ್‌ನಲ್ಲಿ 'ಕಿಯಾನೋಸ್' ಎಂದರೆ ನೀಲಿ, ಕೊನೆಯ 'ಓಲ್' ಎಣ್ಣೆ ಎಂಬ ಅರ್ಥದ ಲ್ಯಾಟಿನ್ ಪದದ ತುಂಡು. ನೀಲೆಣ್ಣೆ ಅಂತಲೇ ಅನ್ನಬಹುದು.

ರುಂಗೆ ನೋಡಿದ್ದನ್ನು ನಾವು ಇವತ್ತೂ ನೋಡಬಹುದು. ಪ್ರನಾಳದಲ್ಲಿ ನೀರು ತೆಗೆದುಕೊಂಡು ಒಂದು ಹನಿ ಅನಿಲೀನ್ ಬಿಟ್ಟು ಚೆನ್ನಾಗಿ ಕುಲುಕಬೇಕು. ಬ್ಲೀಚಿಂಗ್ ಪೌಡರನ್ನು ಬೇರೆ ನೀರಿನಲ್ಲಿ ಕದಡಿ, ಸೋಸಿ, ಆ ತಿಳಿಯನ್ನು ಹನಿಹನಿಯಾಗಿ ಸೇರಿಸಬೇಕು. ಹನಿ ಬಿದ್ದ ಜಾಗದಲ್ಲಿ ನೇರಳೆ ಬಣ್ಣದ ಎಳೆಯೊಂದು ಕೆಳಗಿಳಿಯುತ್ತದೆ. ಇನ್ನೊಂದು ಸಲ ಕುಲುಕಿದರೆ ಪ್ರನಾಳವೆಲ್ಲ ನೇರಳೆ. ಈ ಬಣ್ಣ ಬಹಳ ಹೊತ್ತು ನಿಲ್ಲುವುದಿಲ್ಲ, ಹಾಗಾಗಿ ವಿದ್ಯಾರ್ಥಿಗಳನ್ನು ಮೊದಲೇ ಹತ್ತಿರ ಕರೆದುಕೊಂಡೇ ನಾನು ಇದನ್ನು ಮಾಡುವುದು. ಬಣ್ಣವೇ ಇಲ್ಲದ ಎರಡು ದ್ರವ ಸೇರಿ ಬಣ್ಣ ಹುಟ್ಟುವುದನ್ನು ಕಣ್ಣಾರೆ ನೋಡಿದವರಿಗೆ ಈ ವಸ್ತುವಿನ ಹಿಂದೆ ಮುಂದೆ ಯಾಕೆ ಬರೀ ನೀಲಿಯ ಮಾತೇ ಬರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯ ಹೆಸರು 1842ರದು. ರಷ್ಯಾದ ಕಜಾನ್‌ನಲ್ಲಿ ನಿಕೊಲಾಯ್ ಜಿನಿನ್ ನೈಟ್ರೋಬೆಂಜೀನ್‌ನಿಂದ ಇದನ್ನು ತಯಾರಿಸಿ 'ಬೆಂಜಿಡಾಮ್' ಎಂದು ಕರೆದರು. ಮರುವರ್ಷವೇ, 1843ರಲ್ಲಿ, ಆಗಸ್ಟ್ ವಿಲ್‌ಹೆಲ್ಮ್ ಹಾಫ್‌ಮನ್ ಈ ನಾಲ್ಕೂ ಒಂದೇ ವಸ್ತು ಎಂದು ತೋರಿಸಿಕೊಟ್ಟರು. ಆಗ ಅವರು ಜರ್ಮನಿಯ ಗೀಸೆನ್‌ನಲ್ಲಿ ರಸಾಯನಶಾಸ್ತ್ರಜ್ಞ ಲೀಬಿಗ್ ಅವರ ಶಿಷ್ಯ. ಕೊನೆಗೆ ಬಳಕೆಯಲ್ಲಿ ಉಳಿದದ್ದು ಫ್ರಿಟ್ಸ್‌ಶೆ ಕೊಟ್ಟ ಹೆಸರು. ರಾಸಾಯನಿಕಗಳ ಹೆಸರಿಗೆ ನಿಯಮ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಪ್ಯಾಕ್ ಕೂಡ ಅನಿಲೀನ್ ಎಂಬ ಹೆಸರನ್ನೇ ಉಳಿಸಿಕೊಂಡಿದೆ.

ನಿಯಮದ ಪ್ರಕಾರ ಕಟ್ಟಿದ ಹೆಸರೂ ಒಂದಿದೆ, ಬೆಂಜೀನಮೀನ್. ಅದು ಒಣ ಹೆಸರು ಅಂದುಕೊಂಡರೆ ತಪ್ಪು. 'ಬೆಂಜೀನ್' ಬಂದದ್ದು ಅರಬ್ಬಿಯ 'ಲುಬಾನ್ ಜಾವೀ'ಯಿಂದ, ಅಂದರೆ ಜಾವಾದ ಧೂಪ. ಯುರೋಪಿನಲ್ಲಿ ಅದರ ಮೊದಲ 'ಲು' ಅನ್ನು ತಮ್ಮ ಭಾಷೆಯ ಉಪಪದ ಎಂದು ತಿಳಿದು ಬಿಟ್ಟುಬಿಟ್ಟರು. ಉಳಿದದ್ದು ಬೆಂಜೊಯಿನ್ ಎಂಬ ಅಂಟಿನ ಹೆಸರಾಯಿತು. ಅದರಿಂದ ಬೆಂಜೊಯಿಕ್ ಆಮ್ಲ, ಆ ಆಮ್ಲದಿಂದ ಬೆಂಜೀನ್. 'ಅನಿಲ್' ಪದದಲ್ಲಿ ಉಪಪದ ಬಂದು ಅಂಟಿಕೊಂಡಿತು, ಇಲ್ಲಿ ಉಪಪದವೇ ಅಲ್ಲದ್ದನ್ನು ಉಪಪದ ಎಂದು ಕಿತ್ತು ಹಾಕಿದರು. 'ಅಮೀನ್' ಬಂದದ್ದು ಅಮೋನಿಯದಿಂದ, ಅಮೋನಿಯ ಎಂಬ ಹೆಸರು ಈಜಿಪ್ಟಿನ ಅಮೋನ್ ದೇವರ ಹೆಸರು ಹೊತ್ತ ಉಪ್ಪಿನಿಂದ. ಎಷ್ಟು ದೇಶ, ಎಷ್ಟು ಭಾಷೆ ಒಂದು ಅಣುವಿನ ಸುತ್ತ! ಇದನ್ನು ಪಾಠದಲ್ಲಿ ಹೇಳಲು ನನಗೆ ಯಾವತ್ತೂ ಬೇಸರವಾಗಿಲ್ಲ.

ಮತ್ತೆ ನೀಲಿಗೆ ಬರುತ್ತೇನೆ. ಇಂಡಿಗೊ ಎಂಬ ಪದ ಬಂದ ದಾರಿ ಬೇರೆ. ಗ್ರೀಕರು ಈ ಬಣ್ಣಕ್ಕೆ 'ಇಂಡಿಕಾನ್' ಎಂದರು, ಅಂದರೆ ಇಂಡಿಯಾದ್ದು. ಅದೇ ಲ್ಯಾಟಿನ್‌ನಲ್ಲಿ 'ಇಂಡಿಕಮ್', ಆಮೇಲೆ ಇಂಡಿಗೊ. ಅರಬ್ಬರು ಬಣ್ಣದ ಹೆಸರನ್ನೇ ತೆಗೆದುಕೊಂಡು ಹೋದರು, ಗ್ರೀಕರು ಬಣ್ಣ ಬಂದ ದೇಶದ ಹೆಸರನ್ನು ಇಟ್ಟುಕೊಂಡರು. ಎರಡೂ ರಸಾಯನಶಾಸ್ತ್ರದೊಳಗೆ ಬಂದು ಸೇರಿವೆ. ಒಂದರಿಂದ ಅನಿಲೀನ್. ಇನ್ನೊಂದರಿಂದ ಇಂಡೋಲ್, ನಮ್ಮ ದೇಹದ ಸೆರೊಟೋನಿನ್‌ನಲ್ಲಿ ಇರುವ ಉಂಗುರ ಅದೇ. ಇಂಡಿಯಮ್ ಎಂಬ ಮೂಲಧಾತು ಕೂಡ ಹಾಗೆಯೇ. 1863ರಲ್ಲಿ ಅದನ್ನು ಕಂಡುಹಿಡಿದವರಿಗೆ ಅದರ ವರ್ಣಪಟಲದಲ್ಲಿ ಇಂಡಿಗೊ ಬಣ್ಣದ ಗೆರೆಯೊಂದು ಹೊಳೆದು ಕಂಡಿತ್ತು. ಆವರ್ತ ಕೋಷ್ಟಕದಲ್ಲಿ ನಮ್ಮ ದೇಶದ ಹೆಸರು ಇದ್ದರೆ ಅದು ಈ ಗಿಡದ ದೆಸೆಯಿಂದ.

ಇಷ್ಟಾದರೂ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಹೆಸರಿನಲ್ಲಿ ಸಂಸ್ಕೃತ ಇದೆ ಎಂದ ಮಾತ್ರಕ್ಕೆ ಅನಿಲೀನ್ ನಮ್ಮ ಪ್ರಾಚೀನರಿಗೆ ಗೊತ್ತಿತ್ತು ಎಂದಾಗುವುದಿಲ್ಲ. ಲೇಖನದಲ್ಲಿ ಆ ಸೂಚನೆಯೂ ಇತ್ತು. ನಮ್ಮವರಿಗೆ ಗೊತ್ತಿದ್ದದ್ದು ನೀಲಿ ತೆಗೆಯುವ ವಿದ್ಯೆ. ಅದೇನು ಕಡಿಮೆಯೇ? ಗಿಡದಲ್ಲಿ ನೀಲಿ ಕಾಣುವುದೇ ಇಲ್ಲ. ಎಲೆ ಹಸಿರು, ಒಳಗಿರುವ ಇಂಡಿಕ್ಯಾನ್ ಎಂಬ ವಸ್ತುವಿಗೆ ಬಣ್ಣವಿಲ್ಲ. ಎಲೆಯನ್ನು ನೀರಿನಲ್ಲಿ ನೆನೆಹಾಕಿ ಹುಳಿಯಲು ಬಿಡಬೇಕು, ಆ ನೀರನ್ನು ಬಡಿದು ಬಡಿದು ಗಾಳಿ ತಾಗಿಸಬೇಕು, ಆಗ ನೀಲಿ ಹುಟ್ಟಿ ತಳಕ್ಕೆ ಕೂರುತ್ತದೆ. ಯಾವ ಪುಸ್ತಕವೂ ಇಲ್ಲದೆ ಇದನ್ನು ಕಂಡುಕೊಂಡ ಜನರ ಬಗ್ಗೆ ನನಗೆ ತುಂಬು ಗೌರವ ಇದೆ. ಆ ಗೌರವಕ್ಕೆ ಸುಳ್ಳು ಸೇರಿಸುವುದು ಬೇಡ.

ಅನಿಲೀನ್‌ನ ಮುಂದಿನ ಕಥೆ ಹಲವರಿಗೆ ಗೊತ್ತಿರುತ್ತದೆ. 1856ರಲ್ಲಿ ಹಾಫ್‌ಮನ್ ಅವರ ಶಿಷ್ಯ ವಿಲಿಯಂ ಹೆನ್ರಿ ಪರ್ಕಿನ್, ಹದಿನೆಂಟರ ಹುಡುಗ, ಲಂಡನ್‌ನಲ್ಲಿ ಮಲೇರಿಯಾದ ಔಷಧಿ ಕ್ವಿನೈನ್ ತಯಾರಿಸಲು ಹೊರಟು ಅನಿಲೀನ್‌ನಿಂದ ಮಾವ್ ಎಂಬ ನೇರಳೆ ಬಣ್ಣ ಪಡೆದ. ಅಲ್ಲಿಂದ ಕೃತಕ ಬಣ್ಣಗಳ ಕಾರ್ಖಾನೆಗಳು ಶುರುವಾದವು. ಜರ್ಮನಿಯ ಬಿಎಎಸ್‌ಎಫ್ ಕಂಪನಿಯ ಹೆಸರಿನ 'ಎ' ಅನಿಲೀನ್‌ನದು, ಅಲ್ಲಿನದೇ ಆಗ್ಫಾ ಕಂಪನಿಯ ಹೆಸರಿನ ಎರಡನೇ 'ಎ' ಕೂಡ ಅನಿಲೀನ್‌ನದೇ. 1886ರಲ್ಲಿ ಜ್ವರಕ್ಕೆ ಔಷಧಿಯಾಗಿ ಬಂದ ಅಸೆಟನಿಲೈಡ್ ಹೆಸರಿನ ನಡುವೆಯೂ 'ಅನಿಲ್' ಇದೆ. ಅದನ್ನು ನುಂಗಿದರೆ ದೇಹ ಅದನ್ನು ಪ್ಯಾರಸಿಟಮಾಲ್ ಆಗಿ ಬದಲಿಸುತ್ತದೆ.

ನಾನು ಇಷ್ಟು ಉದ್ದ ಬರೆಯಲು ಮುಖ್ಯ ಕಾರಣ ಇನ್ನು ಮುಂದೆ ಹೇಳುವುದು. ಇಂಡಿಗೊದಿಂದ ಅನಿಲೀನ್ ಬಂದದ್ದು ಆಕಸ್ಮಿಕವಲ್ಲ. ಇಂಡಿಗೊ ಅಣುವಿನಲ್ಲಿ ಒಂದೇ ಥರದ ಎರಡು ಅರ್ಧಗಳಿವೆ. ಪ್ರತಿಯೊಂದರಲ್ಲೂ ಒಂದು ಬೆಂಜೀನ್ ಉಂಗುರ, ಅಂದರೆ ಆರು ಇಂಗಾಲದ ಪರಮಾಣುಗಳ ಬಳೆ, ಅದಕ್ಕೆ ಅಂಟಿದ ಒಂದು ನೈಟ್ರೋಜನ್. ಅನಿಲೀನ್ ಅಂದರೂ ಅಷ್ಟೇ ತಾನೆ. ಕಾಸ್ಟಿಕ್ ಪೊಟ್ಯಾಶ್ ಹಾಕಿ ಕಾಯಿಸಿದರೆ ಅಣು ಮುರಿದು ಆ ತುಂಡು ಹೊರಬರುತ್ತದೆ. ಮುರಿದು ತೆಗೆದದ್ದನ್ನು ಮತ್ತೆ ಜೋಡಿಸಲು ಆಗುತ್ತದಾ? ಅಡಾಲ್ಫ್ ಫಾನ್ ಬೇಯರ್ 1880ರಲ್ಲಿ ಪ್ರಯೋಗಾಲಯದಲ್ಲೇ ಇಂಡಿಗೊ ತಯಾರಿಸಿದರು, 1883ರಲ್ಲಿ ಅದರ ರಚನೆ ಬಿಡಿಸಿದರು. 1890ರಲ್ಲಿ ಕಾರ್ಲ್ ಹಾಯ್‌ಮನ್ ಎರಡು ದಾರಿ ತೋರಿಸಿದರು. ಒಂದು ಅನಿಲೀನ್‌ನಿಂದ, ಇನ್ನೊಂದು ಆಂತ್ರನಿಲಿಕ್ ಆಮ್ಲದಿಂದ. ಈ ಆಮ್ಲಕ್ಕೆ ಹೆಸರಿಟ್ಟವರೂ ಫ್ರಿಟ್ಸ್‌ಶೆ, ಅದರೊಳಗೂ 'ಅನಿಲ್' ಇದೆ. ಎರಡನೇ ದಾರಿ ಹಿಡಿದು 1897ರಲ್ಲಿ ಬಿಎಎಸ್‌ಎಫ್ ಕಾರ್ಖಾನೆಯ ಇಂಡಿಗೊ ಮಾರಾಟಕ್ಕೆ ಬಂತು. 1901ರಲ್ಲಿ ಅನಿಲೀನ್‌ನ ದಾರಿಯೂ ಅಗ್ಗವಾಯಿತು. ಇಂಡಿಗೊ ಹೆತ್ತ ಕೂಸು ಈಗ ಇಂಡಿಗೊವನ್ನೇ ಹೆರಲು ಶುರು ಮಾಡಿತು.

ಗಿಡದಿಂದ ತೆಗೆಯುವ ಇಂಡಿಗೊ 1897ರಲ್ಲಿ ಪ್ರಪಂಚದಲ್ಲಿ ಸುಮಾರು 19,000 ಟನ್ ಇತ್ತು. 1914ರ ಹೊತ್ತಿಗೆ ಸುಮಾರು 1,000 ಟನ್‌ಗೆ ಇಳಿಯಿತು. ಈ ಪೆಟ್ಟು ಬಿದ್ದದ್ದು ಮುಖ್ಯವಾಗಿ ನಮ್ಮ ದೇಶದ ನೀಲಿ ಬೆಳೆಗೆ. ನೀಲಿ ಬೆಳೆಸುತ್ತಿದ್ದ ಯುರೋಪಿನ ಪ್ಲಾಂಟರ್‌ಗಳ ವಿರುದ್ಧ ಬಂಗಾಳದ ರೈತರು 1859ರಲ್ಲೇ ದಂಗೆ ಎದ್ದಿದ್ದರು. ಬಿಹಾರದ ಚಂಪಾರಣ್‌ನಲ್ಲಿ 'ತಿನ್‌ಕಠಿಯಾ' ಪದ್ಧತಿ ಇತ್ತು. 20 ಕಟ್ಠಾ ಸೇರಿದರೆ ಒಂದು ಬಿಘಾ, ಅದರಲ್ಲಿ 3 ಕಟ್ಠಾದಲ್ಲಿ ರೈತ ನೀಲಿಯನ್ನೇ ಬೆಳೆಯಬೇಕು. ಜರ್ಮನಿಯ ಇಂಡಿಗೊ ಬಂದು ಬೆಲೆ ಬಿದ್ದ ಮೇಲೆ ಪ್ಲಾಂಟರ್‌ಗಳು ನಷ್ಟವನ್ನು ರೈತರ ತಲೆಗೆ ಕಟ್ಟಿದರು. ನೀಲಿ ಬೆಳೆಯುವುದು ಬೇಡ, ಬದಲಿಗೆ ಗೇಣಿ ಜಾಸ್ತಿ ಕೊಡಿ ಎಂದರು. ಅಲ್ಲಿನ ರೈತ ರಾಜಕುಮಾರ ಶುಕ್ಲ ಅವರ ಒತ್ತಾಯಕ್ಕೆ ಗಾಂಧೀಜಿ 1917ರಲ್ಲಿ ಚಂಪಾರಣ್‌ಗೆ ಹೋದರು. 1918ರ ಕಾಯ್ದೆಯಿಂದ ತಿನ್‌ಕಠಿಯಾ ರದ್ದಾಯಿತು.

ವಿದ್ಯಾರ್ಥಿಗಳು ಚಂಪಾರಣ್‌ನ್ನು ಇತಿಹಾಸದ ಪುಸ್ತಕದಲ್ಲಿ ಓದುತ್ತಾರೆ, ಅನಿಲೀನನ್ನು ರಸಾಯನಶಾಸ್ತ್ರದ ಪುಸ್ತಕದಲ್ಲಿ. ಎರಡಕ್ಕೂ ನಂಟು ಇದೆ ಎಂಬುದನ್ನು ತೋರಿಸುವ ದಾರ ಈ ಹೆಸರೊಂದೇ. ಅದನ್ನು ಗಾಳಿಗೆ ಕಟ್ಟಿದರೆ ಆ ದಾರ ತುಂಡಾಗುತ್ತದೆ. ಆಗ ನೀಲಿ ಗಿಡವೂ ಕಾಣುವುದಿಲ್ಲ, ಅದನ್ನು ಬೆಳೆದ ರೈತನೂ ಕಾಣುವುದಿಲ್ಲ. ಒಂದು ಪದದ ಮೂಲ ತಪ್ಪಾದರೆ ಏನು ಮಹಾ ಅಂತ ಕೇಳುವವರಿಗೆ ನನ್ನ ಉತ್ತರ ಇದು.

ಕಾರ್ಖಾನೆಯ ಕೆಲಸಗಾರರನ್ನೂ ಇಲ್ಲಿ ನೆನೆಯಬೇಕು. ಅನಿಲೀನ್ ವಿಷ, ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ರಕ್ತದ ಹಿಮೋಗ್ಲೋಬಿನ್ ಕೆಟ್ಟು ಆಮ್ಲಜನಕ ಒಯ್ಯಲಾರದ ರೂಪಕ್ಕೆ ತಿರುಗುತ್ತದೆ, ತುಟಿ ಉಗುರು ನೀಲಿಗಟ್ಟುತ್ತವೆ. ವೈದ್ಯರು ಇದಕ್ಕೆ ಸಯನೋಸಿಸ್ ಎನ್ನುತ್ತಾರೆ. ರುಂಗೆ ತಮ್ಮ ದ್ರವದ ಹೆಸರಿಗೆ ಬಳಸಿದ 'ಕಿಯಾನೋಸ್' ಪದವೇ ಇದರಲ್ಲೂ ಇದೆ. ಬಣ್ಣದ ಕಾರ್ಖಾನೆಗಳಲ್ಲಿ ಎಷ್ಟೋ ಕೆಲಸಗಾರರು ಇದನ್ನು ಅನುಭವಿಸಿದ್ದಾರೆ. ಕೈಗವಸು ಹಾಕದೆ ಅನಿಲೀನ್ ಬಾಟಲಿ ಮುಟ್ಟಬೇಡಿ ಎಂದು ನಾನು ಪ್ರತಿ ವರ್ಷ ಪ್ರಯೋಗಾಲಯದಲ್ಲಿ ಮೊದಲು ಹೇಳುವುದು ಅದಕ್ಕೇ.

ಈ ಅಂಕಣ ನಿಲ್ಲಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಕನ್ನಡದಲ್ಲಿ ಇಂಥದ್ದು ಬರುವುದೇ ಅಪರೂಪ. ಆದರೆ ಹೆಸರಿನ ಮೂಲ ಬರೆಯುವಾಗ ಯಾರು ಇಟ್ಟರು, ಯಾವಾಗ, ಯಾವ ವಸ್ತುವಿನಿಂದ ತೆಗೆದಾಗ ಎಂಬುದನ್ನು ಸೇರಿಸಿಯೇ ಬರೆಯಿರಿ. ಈ ವಿವರ ಸಿಗದ ಹೆಸರನ್ನು ಆ ವಾರ ಬಿಟ್ಟು ಬೇರೊಂದನ್ನು ತೆಗೆದುಕೊಳ್ಳಿ. ಬೆಂಜೀನ್, ಅಮೋನಿಯ ಎರಡಕ್ಕೂ ಬೇಕಾದಷ್ಟು ವಿವರ ಇದೆ.

ಮುಂದಿನ ವಾರದ ಪುಟದಲ್ಲಿ ಒಂದು ತಿದ್ದುಪಡಿ ಹಾಕಬೇಕೆಂದು ವಿನಂತಿ. ಜಾಗ ಜಾಸ್ತಿ ಬೇಕಿಲ್ಲ. 'ಅನಿಲೀನ್ ಎಂಬ ಹೆಸರು ಅನಿಲ ಪದದಿಂದ ಬಂದದ್ದಲ್ಲ. 1840ರಲ್ಲಿ ಫ್ರಿಟ್ಸ್‌ಶೆ ಇಂಡಿಗೊದಿಂದ ಈ ವಸ್ತುವನ್ನು ತೆಗೆದು, ಇಂಡಿಗೊದ ಇನ್ನೊಂದು ಹೆಸರಾದ ಅನಿಲ್‌ನಿಂದ ಅನಿಲೀನ್ ಎಂದು ಕರೆದರು. ಅನಿಲ್ ಪದದ ಮೂಲ ಸಂಸ್ಕೃತದ ನೀಲ' ಎಂದು ಹಾಕಿದರೆ ಸಾಕು. ವಿದ್ಯಾರ್ಥಿಗಳು ಇದನ್ನು ಪರೀಕ್ಷೆಯಲ್ಲಿ ಧೈರ್ಯವಾಗಿ ಬರೆಯಬಹುದು.

ಇಂತಿ ನಮಸ್ಕಾರಗಳೊಂದಿಗೆ,
ರಸಾಯನಶಾಸ್ತ್ರದ ಒಬ್ಬ ಅಧ್ಯಾಪಕಿ